ಮೇರೆಯೂ ಸ್ಮೃತಿಯೂ

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ನಾನು ತಿಂಗಳಿಗೊಮ್ಮೆ ತೊಗರಿಬೇಳೆ ಕೊಳ್ಳುವ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಒಂದು ಎಲೆಕ್ಟ್ರಾನಿಕ್ ತಕ್ಕಡಿಯಿದೆ. ಅದರ ಮೈಗೆ ಅಂಟಿದ ಬೆರಳಗಲದ ತಗಡಿನ ಮೇಲೆ ಗರಿಷ್ಠ 30 ಕಿಲೋ, ಕನಿಷ್ಠ 100 ಗ್ರಾಂ, ಅಂತರ 5 ಗ್ರಾಂ ಎಂಬ ಮೂರು ಅಂಕಿಗಳೂ, ಅವುಗಳ ಬಳಿಯಲ್ಲಿಯೇ ಸರಕಾರದವರು ವರ್ಷಕ್ಕೊಮ್ಮೆ ಪರೀಕ್ಷಿಸಿ ಒತ್ತುವ ಮುದ್ರೆಯೂ ಇವೆ. ಎಷ್ಟೋ ವರ್ಷಗಳಿಂದ ಆ ತಗಡನ್ನು ಕಂಡಿದ್ದರೂ ನಾನು ಅದನ್ನು ಓದಿರಲಿಲ್ಲ. ಓದುವಂತಾದುದು, ಹೊಸದಾಗಿ ಬಂದ ಹಮಾಲನೊಬ್ಬನು ಐವತ್ತು ಕಿಲೋದ ಚೀಲವನ್ನು ಒಳಗಿನ ದೊಡ್ಡ ಕಾಟಾದ ಮೇಲಿಡುವ ಬದಲು ಈ ಚಿಕ್ಕ ತಕ್ಕಡಿಯ ಮೇಲೆ ಇಳಿಸಿದ ದಿನ. ಕೆಂಪಗೆ ಹೊಳೆಯುತ್ತಿದ್ದ ಅಂಕಿಗಳು ತಟ್ಟನೆ ಅಳಿದು, ಅವುಗಳಿದ್ದೆಡೆಯಲ್ಲಿ ಅಡ್ಡಗೆರೆಗಳು ಮಾತ್ರ ಉಳಿದುವು. ಕೆಟ್ಟುಹೋಯಿತೇನೋ ಎಂದು ನಾನು ಗಾಬರಿಯಾದಾಗ ಅಂಗಡಿಯವರು ಸಾವಕಾಶವಾಗಿ ಹೇಳಿದರು: “ಇಲ್ರೀ ಸರ್, ಕೆಟ್ಟಿಲ್ಲ. ಅದರ ತಾಕತ್ತು ಮೂವತ್ತೇ ಕಿಲೋ ಅದರೀ. ಅದಕ್ಕ ಮೀರಿದ್ರ ಅದು ಸುಳ್ಳು ಹೇಳಂಗಿಲ್ಲ, ಸುಮ್ಮನಾಗತದ.”

ಈ ಮಾತು ನನ್ನಲ್ಲಿ ನಾಟಿ ನಿಲ್ಲುವುದಕ್ಕೆ ಬೇರೊಂದು ಕಾರಣವೂ ಇದ್ದಿತು. ಕಂಪ್ಯೂಟರಿನ ಪ್ರೋಗ್ರಾಂ ಬರೆದು ಜೀವನ ನಡೆಸುವ ನನ್ನ ಸೋದರಳಿಯನು ಆ ಸುಗ್ಗಿಯಲ್ಲಿ ಒಂದು ದಾಲ್ ಮಿಲ್ಲಿಗೆ ತೂಕದ ಚೀಟಿ ತಯಾರಿಸುವ ಪ್ರೋಗ್ರಾಂ ಬರೆದುಕೊಟ್ಟಿದ್ದನು. ತೊಗರಿಯ ತೇವಾಂಶವು ಶೇಕಡಾ 12ನ್ನು ಮೀರಿದರೆ, ಮೀರಿದ ಪ್ರಮಾಣಕ್ಕೆ ತಕ್ಕಂತೆ ತೂಕದಲ್ಲಿ ಕಳೆಯಬೇಕೆಂಬುದು ಅಲ್ಲಿನ ಲೆಕ್ಕ. ಹತ್ತು ಕ್ವಿಂಟಲ್ ತಂದಿದ್ದ ಕಮಲಾಪುರದ ಕಡೆಯ ರೈತನೊಬ್ಬನ ಮಾಲಿಗೆ ಯಂತ್ರವು 12.0 ಎಂದು ತೋರಿಸಿತು. ಗುಮಾಸ್ತನು ಅವಸರದಲ್ಲಿ ಚುಕ್ಕೆಯನ್ನು ಬಿಟ್ಟು 120 ಎಂದು ಒತ್ತಿದನು. ಪ್ರೋಗ್ರಾಂ ಅದನ್ನು ಒಪ್ಪಿತು. 120ರಲ್ಲಿ 12 ಹೋಗಿ ಉಳಿದ 108ನ್ನು ಶೇಕಡಾವಾರಾಗಿ ಹಿಡಿದು ಹತ್ತು ಕ್ವಿಂಟಲಿನಲ್ಲಿ ಹತ್ತು ಕ್ವಿಂಟಲ್ ಎಂಬತ್ತು ಕಿಲೋ ಕಳೆದು, ನಿವ್ವಳ ತೂಕ ಋಣ ಎಂಬತ್ತು ಕಿಲೋ ಎಂದು ಸ್ಫುಟವಾದ ಅಕ್ಷರಗಳಲ್ಲಿ ಅಚ್ಚು ಹಾಕಿಕೊಟ್ಟಿತು. ವರ್ಷದ ಬೆಳೆಯನ್ನು ಟ್ರ್ಯಾಕ್ಟರಿನಿಂದ ಇಳಿಸಿ ನಿಂತಿದ್ದವನು ಆ ಚೀಟಿಯ ಪ್ರಕಾರ ಇನ್ನೂ ಎಂಬತ್ತು ಕಿಲೋ ತೊಗರಿಯನ್ನು ಮಿಲ್ಲಿಗೆ ತಂದುಕೊಡಬೇಕಾದ ಸಾಲಗಾರನಾಗಿದ್ದನು. ತಪ್ಪು ಅರ್ಧ ಗಂಟೆಯೊಳಗೆ ಸರಿಹೋಯಿತೆಂಬುದು ನಿಜ. ಆದರೆ ಆ ಅರ್ಧ ಗಂಟೆ ಆತನು ಚೀಟಿಯನ್ನು ಎರಡು ಕೈಗಳಲ್ಲಿ ಹಿಡಿದುಕೊಂಡು, ಓದಬಲ್ಲವನಾದರೂ ಓದಿದುದನ್ನು ನಂಬಲಾರದೆ, ಪಕ್ಕದವರಿಂದ ಮತ್ತೆ ಮತ್ತೆ ಓದಿಸುತ್ತಿದ್ದನೆಂದು ಅಳಿಯನು ನನ್ನ ಮುಂದೆ ಹೇಳುವಾಗ ಅವನ ದನಿ ನಡುಗುತ್ತಿತ್ತು.

ತಗಡಿನ ಪಟ್ಟಿಯುಳ್ಳ ತಕ್ಕಡಿಗೆ ತಾನು ಏನನ್ನು ಹೇಳಬಾರದೆಂಬುದು ತಿಳಿದಿತ್ತು; ಅದಕ್ಕಿಂತ ಸಾವಿರಪಾಲು ಶಕ್ತಿವಂತವಾದ ಗಣಕಕ್ಕೆ ತಿಳಿದಿರಲಿಲ್ಲ. ಈ ಅಂತರವು ಕೇವಲ ಕಸುಬಿನದಲ್ಲವೆಂದು ನನಗೆ ಅನಿಸುತ್ತದೆ. ಧರ್ಮಜಿಜ್ಞಾಸೆ ಮಾಡಿದವರೆಲ್ಲರೂ ಒಂದಿಲ್ಲೊಂದು ಬಗೆಯಲ್ಲಿ ಎದುರಿಸಿದ ಪ್ರಶ್ನೆ ಇಲ್ಲಿ ಅಡಗಿದೆ. ಒಂದು ವಸ್ತುವಿನ ಮೇರೆಯು ಅದರ ಸ್ವಭಾವದಿಂದ ಬಂದುದೋ, ಅಥವಾ ನಾವು ಸಂಕಲ್ಪಪೂರ್ವಕವಾಗಿ ತೊಟ್ಟ ವ್ರತದಿಂದ ಬಂದುದೋ? ವ್ರತದಿಂದ ಬಂದುದಾದರೆ, ಅದನ್ನು ನೆನಪಿನಲ್ಲಿಡುವ ಹೊಣೆ ಯಾರದು?

ಸ್ವಭಾವದ ಮೇರೆಯನ್ನು ಕುರಿತು ನಮ್ಮ ನೆಲದಲ್ಲಿಯೇ ಒಂದು ದೊಡ್ಡ ಮಾತು ಹುಟ್ಟಿದೆ. ಕಲಬುರಗಿಯಿಂದ ದೂರವಿಲ್ಲದ, ಸೇಡಂ ತಾಲೂಕಿನ ಕಾಗಿಣಾ ತೀರದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿ ಸ್ತುತಿಸಿರುವ ಜೈನ ಗಣಿತಜ್ಞ ಮಹಾವೀರಾಚಾರ್ಯನು ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಋಣಸಂಖ್ಯೆಯು ತನ್ನ ಸ್ವಭಾವದಿಂದಲೇ ವರ್ಗವಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವನು ಅಲ್ಲಿ ಹೇಳಿದುದು, ಪ್ರಶ್ನೆಯೊಂದಕ್ಕೆ ಉತ್ತರ ಕೊಡದಿರುವುದೇ ಕೆಲವೊಮ್ಮೆ ಸರಿಯಾದ ಉತ್ತರವೆಂಬುದನ್ನು ಗಣಿತದಲ್ಲಿ ಸ್ಥಾಪಿಸಿದ ಮಾತು. ಅದೇ ಆಚಾರ್ಯನು ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುತ್ತದೆಂದು ಇನ್ನೊಂದೆಡೆ ಹೇಳಿ ತಪ್ಪಿದನು. ಒಂದು ಮೇರೆಯನ್ನು ಸ್ಪಷ್ಟವಾಗಿ ಕಂಡ ಕಣ್ಣಿಗೆ ಅದರ ಪಕ್ಕದ ಮೇರೆ ಕಾಣಲಿಲ್ಲ. ಇದರಿಂದ ಅವನ ಹಿರಿಮೆಗೆ ಕುಂದಿಲ್ಲ. ಮೇರೆಯ ಅರಿವು ಒಮ್ಮೆ ದೊರೆತರೆ ಎಲ್ಲೆಡೆಗೂ ಸಾಲುವಂಥದಲ್ಲ, ಪ್ರತಿಯೊಂದು ಎಡೆಯಲ್ಲಿಯೂ ಅದನ್ನು ಹೊಸದಾಗಿ ಸಂಪಾದಿಸಬೇಕೆಂಬುದಕ್ಕೆ ಇದಕ್ಕಿಂತ ಗೌರವಾರ್ಹವಾದ ನಿದರ್ಶನ ನನಗೆ ತಿಳಿಯದು.

ಗಣಕದೊಳಗಿನ ಸಂಖ್ಯೆಗೂ ಸ್ವಭಾವದ ಮೇರೆಯೊಂದಿದೆ. ಹದಿನಾರು ಬಿಟ್ಟುಗಳ ಮನೆಯಲ್ಲಿ ವಾಸಿಸುವ ಧನ-ಋಣ ಸಂಖ್ಯೆಯು −32768ರಿಂದ 32767ರವರೆಗೆ ಮಾತ್ರ ಇರಬಲ್ಲುದು. 32767ಕ್ಕೆ ಒಂದನ್ನು ಕೂಡಿಸಿದರೆ, ಕಾಯುವವರಿಲ್ಲದಿದ್ದಲ್ಲಿ, ಅದು ಬಹುಮಟ್ಟಿಗೆ −32768 ಆಗಿ ತಿರುಗಿ ನಿಲ್ಲುತ್ತದೆ. ಆದರೆ ಈ ಮೇರೆಗೆ ಅರ್ಥವಿಲ್ಲ. ತಿಂಗಳಿನ ದಿನಕ್ಕೆ 31ರ ಮೇರೆ, ತೇವಾಂಶಕ್ಕೆ 100ರ ಮೇರೆ, ರೈತನ ನಿವ್ವಳ ತೂಕಕ್ಕೆ ಕೆಳಗೆ ಸೊನ್ನೆಯ ಮೇರೆ — ಇವು ಯಂತ್ರಕ್ಕೆ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು. ನಮಗೆ ಗೊತ್ತಿರುವುದನ್ನು ಯಂತ್ರಕ್ಕೆ ಹೇಳುವ ನುಡಿಯೇ ಇಲ್ಲದಿದ್ದರೆ? 1970ರಲ್ಲಿ ನಿಕ್ಲಾಸ್ ವಿರ್ಟ್ ಎಂಬ ಸ್ವಿಸ್ ವಿದ್ವಾಂಸರು ಪಾಸ್ಕಲ್ ಎಂಬ ಭಾಷೆಯನ್ನು ಪ್ರಕಟಿಸಿದಾಗ, ‘1..31’ ಎಂದು ಎರಡು ಅಂಕಿಗಳ ನಡುವೆ ಎರಡು ಚುಕ್ಕೆಗಳನ್ನಿಟ್ಟು ಹೊಸದೊಂದು ಸಂಖ್ಯಾಜಾತಿಯನ್ನು ಘೋಷಿಸುವ ಸೌಕರ್ಯವನ್ನು ಅದರಲ್ಲಿ ಒದಗಿಸಿದರು. ಜಾನ್ ಇಷ್ಬಿಯಾ ಅವರ ನೇತೃತ್ವದಲ್ಲಿ ರೂಪುಗೊಂಡು 1983ರಲ್ಲಿ ಅಮೆರಿಕದ ಮಾನಕವಾದ ಏಡಾ ಭಾಷೆಯು ಈ ವಿಚಾರವನ್ನು ಇನ್ನೂ ಆಳಕ್ಕೆ ಕೊಂಡೊಯ್ದು, ಮೇರೆ ಮೀರಿದ ಗಳಿಗೆಯಲ್ಲಿಯೇ ಲೆಕ್ಕವನ್ನು ತಡೆದು ದೋಷವನ್ನು ಸಾರುವ ಪರೀಕ್ಷೆಯನ್ನು ಭಾಷೆಯ ಧರ್ಮವನ್ನಾಗಿಯೇ ಮಾಡಿತು. 2012ರ ಪರಿಷ್ಕರಣದಲ್ಲಿ ಬರಿಯ ಆದ್ಯಂತಗಳನ್ನಷ್ಟೇ ಅಲ್ಲದೆ ‘ಈ ಜಾತಿಯ ಸಂಖ್ಯೆ ಇಂಥ ನಿಯಮಕ್ಕೆ ಒಳಪಟ್ಟಿರತಕ್ಕದ್ದು’ ಎಂಬ ಷರತ್ತನ್ನೂ ಬರೆಯುವ ಮಾರ್ಗ ತೆರೆಯಿತು. ಪ್ರೋಗ್ರಾಂ ಬರೆದವನೇ ಎಡವಿ ದಿನಕ್ಕೆ 45 ಎಂದು ಬರೆದರೆ ಅದನ್ನು ಅನುವಾದಿಸುವ ಕಂಪೈಲರೇ ಎಚ್ಚರಿಸಬಲ್ಲುದು. ಹೊರಗಿನಿಂದ, ಗುಮಾಸ್ತನ ಬೆರಳಿನಿಂದ, 120 ಬಂದರೆ ಪ್ರೋಗ್ರಾಂ ಓಡುತ್ತಿರುವಾಗ ಪರೀಕ್ಷೆ ನಡೆಯುತ್ತದೆ. ಲೋಕದಲ್ಲಿ ಹೆಚ್ಚು ಬಳಕೆಯಾದ ಎಷ್ಟೋ ಭಾಷೆಗಳು ಈ ಸೌಕರ್ಯವನ್ನು ಒಳಗೊಳ್ಳಲಿಲ್ಲ. ನನ್ನ ಅಳಿಯನು ಬಳಸಿದುದೂ ಅಂಥ ಒಂದು ಭಾಷೆಯೇ.

ಇದನ್ನೆಲ್ಲ ಅವನು ನನಗೆ ವಿವರಿಸಿದಾಗ ನನಗೆ ನೆನಪಾದುದು ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯ. ಜೈನಧರ್ಮವು ಸಂನ್ಯಾಸಿಗೆ ಅಪರಿಗ್ರಹವನ್ನು ವಿಧಿಸಿ ಗೃಹಸ್ಥನಿಗೆ ಪರಿಗ್ರಹ-ಪರಿಮಾಣವನ್ನು ವಿಧಿಸುತ್ತದೆ: ಏನನ್ನೂ ಇಟ್ಟುಕೊಳ್ಳಬೇಡವೆಂದು ಅವನಿಗೆ ಹೇಳುವುದಿಲ್ಲ, ಇಷ್ಟೆಂದು ಮೊದಲೇ ಹೇಳಿಬಿಡು ಎನ್ನುತ್ತದೆ. ಹೊಲ-ಮನೆ, ಬೆಳ್ಳಿ-ಬಂಗಾರ, ದನ-ಧಾನ್ಯ, ಆಳು-ಕಾಳು, ಬಟ್ಟೆ-ಪಾತ್ರೆ — ಒಂದೊಂದು ಜಾತಿಗೂ ಒಂದೊಂದು ಪ್ರಮಾಣ. ಬಂಗಾರದಲ್ಲಿ ಉಳಿಸಿದುದನ್ನು ಧಾನ್ಯದಲ್ಲಿ ಮೀರುವಂತಿಲ್ಲ. ಇದರ ಜೊತೆಗೆ ದಿಗ್ವ್ರತವೆಂಬುದೊಂದಿದೆ: ಮೂಡಣಕ್ಕೆ ಈ ನದಿಯವರೆಗೆ, ತೆಂಕಣಕ್ಕೆ ಆ ಬೆಟ್ಟದವರೆಗೆ, ಅದರಾಚೆಗೆ ನನ್ನ ವ್ಯವಹಾರವಿಲ್ಲವೆಂದು ದಿಕ್ಕುಗಳಿಗೇ ಗಡಿ ಹಾಕಿಕೊಳ್ಳುವುದು. ಆ ವ್ರತಕ್ಕೆ ಒದಗಬಹುದಾದ ಐದು ಅತಿಚಾರಗಳನ್ನು ಸೂತ್ರವು ಎಣಿಸುತ್ತದೆ. ಮೇಲಕ್ಕೆ ಮೀರುವುದು, ಕೆಳಕ್ಕೆ ಮೀರುವುದು, ಅಡ್ಡಡ್ಡಲಾಗಿ ಮೀರುವುದು. ಒಂದು ದಿಕ್ಕಿನ ಅಳತೆಯನ್ನು ಇನ್ನೊಂದಕ್ಕೆ ಸೇರಿಸಿ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು. ಐದನೆಯದು ಸ್ಮೃತ್ಯಂತರಾಧಾನ, ಎಂದರೆ ಹಾಕಿಕೊಂಡ ಗಡಿಯನ್ನು ಮರೆತುಬಿಡುವುದು. ಈ ಐದನೆಯದರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಮರೆವನ್ನು ಲೋಕವು ಕ್ಷಮಿಸುತ್ತದೆ. ನಾವೆಲ್ಲರೂ ಅದನ್ನೇ ನೆಪವಾಗಿ ಮುಂದೊಡ್ಡುತ್ತೇವೆ. ಸೂತ್ರಕಾರರಾದರೋ ಒಂದು ಹೆಜ್ಜೆಯನ್ನೂ ಗಡಿಯಾಚೆ ಇಡದೆ ಗಡಿಯೆಲ್ಲಿಯೆಂಬುದನ್ನು ಮರೆತವನನ್ನೂ ಗಡಿ ಮೀರಿದವರ ಸಾಲಿನಲ್ಲಿಯೇ ನಿಲ್ಲಿಸಿದ್ದಾರೆ.

ಅದು ಕಠೋರವೆಂದು ಭಾವಿಸುವವರು 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರುವಿನಲ್ಲಿ ನಡೆದುದನ್ನು ನೆನೆಯಬೇಕು. ಅಂದು ಮೊದಲ ಬಾರಿಗೆ ಮೇಲೇರಿದ ಏರಿಯಾನ್ 5 ರಾಕೆಟ್ಟು ಸುಮಾರು ನಲವತ್ತು ಸೆಕೆಂಡುಗಳಲ್ಲಿ ದಾರಿ ತಪ್ಪಿ ಛಿದ್ರವಾಯಿತು. ಅದರ ದಿಕ್ಕನ್ನು ಅರಿಯುವ ಉಪಕರಣದ ಪ್ರೋಗ್ರಾಂ ಬರೆಯಲ್ಪಟ್ಟಿದ್ದುದು ಏಡಾ ಭಾಷೆಯಲ್ಲಿಯೇ. ಹಿಂದಿನ ಏರಿಯಾನ್ 4ರಿಂದ ಅದನ್ನು ಹಾಗೆಯೇ ಎತ್ತಿಕೊಳ್ಳಲಾಗಿತ್ತು. ಅಡ್ಡದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ದೊಡ್ಡ ಸಂಖ್ಯೆಯನ್ನು ಹದಿನಾರು ಬಿಟ್ಟುಗಳ ಮನೆಗೆ ಇಳಿಸುವಾಗ ಅದು 32767ನ್ನು ಮೀರಿತು. ಅಂಥ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆಯನ್ನಿಟ್ಟು, ಗಣಕದ ಹೊರೆ ಶೇಕಡಾ 80ನ್ನು ದಾಟಬಾರದೆಂದು ಉಳಿದ ಮೂರನ್ನು ಬರಿಮೈಯಲ್ಲಿ ಬಿಟ್ಟಿದ್ದರು. ಹಳೆಯ ರಾಕೆಟ್ಟಿನ ಪಥದಲ್ಲಿ ಆ ಸಂಖ್ಯೆ ಅಷ್ಟು ಬೆಳೆಯುವಂತೆಯೇ ಇರಲಿಲ್ಲವಾದುದರಿಂದ ಆ ನಿರ್ಧಾರ ಅಂದಿಗೆ ಸಾಧುವಾಗಿಯೇ ಇದ್ದಿತು. ಹೊಸ ರಾಕೆಟ್ಟಿನ ಪಥ ಬೇರೆ. ಗಡಿಯು ಹಳಬರ ಮನಸ್ಸಿನಲ್ಲಿತ್ತು, ಬರಹದಲ್ಲಿರಲಿಲ್ಲ. ಹೊಸಬರ ಕೈಗೆ ಬಂದುದು ಬರಹ ಮಾತ್ರ. ಸ್ಮೃತ್ಯಂತರಾಧಾನಕ್ಕೆ ಇದಕ್ಕಿಂತ ನಿಖರವಾದ ವ್ಯಾಖ್ಯಾನವನ್ನು ನಾನು ಯಾವ ಟೀಕೆಯಲ್ಲಿಯೂ ಓದಿಲ್ಲ. ಇನ್ನೂ ಒಂದು ಸಂಗತಿ ಮನಸ್ಸನ್ನು ಕಲಕುತ್ತದೆ. ಆ ಲೆಕ್ಕದ ಭಾಗಕ್ಕೆ ಹೊಸ ರಾಕೆಟ್ಟು ನೆಲ ಬಿಟ್ಟ ಮೇಲೆ ಯಾವ ಪ್ರಯೋಜನವೂ ಇರಲಿಲ್ಲ. ಹಳೆಯದರ ಅಗತ್ಯಕ್ಕಾಗಿ ಹುಟ್ಟಿದ ಅದು ಅಗತ್ಯ ಅಳಿದ ಮೇಲೂ ನಡೆಯುತ್ತಲೇ ಇದ್ದಿತು. ಅರ್ಥವನ್ನು ಕಳೆದುಕೊಂಡ ಮೇಲೂ ನಾವು ನಡೆಸಿಕೊಂಡು ಬರುವ ಎಷ್ಟು ಆಚಾರಗಳು ಹೀಗಿಲ್ಲ! ಅವು ನಿರುಪದ್ರವಿಗಳೆಂದು ತಿಳಿದು ನಾವು ಸುಮ್ಮನಿರುತ್ತೇವೆ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವನ್ನು ಎತ್ತಬಹುದು, ಎತ್ತಲೇಬೇಕು. ಛಾಂದೋಗ್ಯದಲ್ಲಿ ಸನತ್ಕುಮಾರನು ನಾರದನಿಗೆ ಭೂಮವಿದ್ಯೆಯನ್ನು ಬೋಧಿಸುತ್ತ, ಸುಖವಿರುವುದು ಅಪರಿಮಿತದಲ್ಲಿಯೇ ಹೊರತು ಅಲ್ಪದಲ್ಲಿ ಅಲ್ಲವೆಂದನು. ನಮ್ಮ ಶರಣರು ಬಯಲನ್ನು ಬಯಸಿದರು. ಸೀಮೆಯನ್ನು ದಾಟುವುದೇ ಅಧ್ಯಾತ್ಮವೆಂದಾದರೆ ಸೀಮೆಯನ್ನು ಹಾಕಿಕೊಳ್ಳುವುದು ಬಂಧನವಾಗದೆ? ಈ ಆಕ್ಷೇಪವನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಎಳೆಯ ವಯಸ್ಸಿನಲ್ಲಿ ನಾನೂ ಇದನ್ನೇ ವಾದಿಸಿದವನು. ಈಗ ನನಗೆ ತೋರುವುದೇನೆಂದರೆ, ಅಪರಿಮಿತವೆಂದು ಋಷಿಯು ಹೇಳಿದುದು ಎಣಿಕೆಗೆ ಒಳಪಡುವ ಪದಾರ್ಥಗಳನ್ನು ಕುರಿತಲ್ಲ. ಎಣಿಸಬಹುದಾದುದನ್ನು ಎಣಿಕೆಯಿಲ್ಲದಂತೆ ಹಿಗ್ಗಿಸಿದರೆ ಭೂಮವು ದೊರೆಯುವುದಿಲ್ಲ, 32767ರಾಚೆಗೆ −32768 ದೊರೆಯುತ್ತದೆ: ಸಮೃದ್ಧಿಯೆಂದು ಏರಿದುದು ಋಣವಾಗಿ ಇಳಿಯುತ್ತದೆ. ಜೈನರು ಸಂಖ್ಯಾತ, ಅಸಂಖ್ಯಾತ, ಅನಂತವೆಂದು ಮೂರನ್ನು ಬೇರೆಬೇರೆಯಾಗಿ ಇಟ್ಟುದು ಒಂದನ್ನು ಇನ್ನೊಂದರೊಡನೆ ಗೊಂದಲಗೊಳಿಸಬಾರದೆಂದೇ ಇರಬೇಕು.

ಜಾತಿಗೊಂದು ಮೇರೆಯೆಂಬುದು ಕೇವಲ ತಪಸ್ವಿಗಳ ಕಲ್ಪನೆಯಾಗಿ ಉಳಿಯಲಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ, ನಮ್ಮ ಶಹಾಬಾದಿನ ಬಳಿಯ ಮರತೂರಿನೊಡನೆ ಹೆಸರು ಕೂಡಿರುವ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನಕ್ಕೆ ‘ಮಿತಾಕ್ಷರಾ’ ಎಂದು ಹೆಸರು. ಅಳತೆಯೊಳಗಿನ ಅಕ್ಷರಗಳುಳ್ಳದ್ದು ಎಂದರ್ಥ. ಅವನು ವ್ಯಾಖ್ಯಾನಿಸಿದ ಸ್ಮೃತಿಯು ಸಾಲವು ಬೆಳೆಯಬಹುದಾದ ಎತ್ತರಕ್ಕೆ ಮೇರೆ ಹಾಕುತ್ತದೆ. ಬಂಗಾರದ ಸಾಲ ಎರಡರಷ್ಟಾಗಬಹುದು, ಧಾನ್ಯದ್ದು ಮೂರರಷ್ಟು, ಬಟ್ಟೆಯದು ನಾಲ್ಕರಷ್ಟು, ತುಪ್ಪ-ಎಣ್ಣೆಗಳಂಥ ರಸಗಳದು ಎಂಟರಷ್ಟು. ಎಷ್ಟೇ ಕಾಲ ಸಂದರೂ ಅಲ್ಲಿಗೆ ನಿಲ್ಲಬೇಕು. ಸಾಲವೆಂಬ ಒಂದೇ ಹೆಸರಿನ ಕೆಳಗೆ ಇವೆಲ್ಲವನ್ನೂ ಗುಡ್ಡೆ ಹಾಕದೆ, ಒಂದೊಂದನ್ನೂ ಅದರದರ ಜಾತಿಯಾಗಿ ಕಂಡು ಅದರದರ ಮೇಲ್ಮೇರೆಯನ್ನು ಗೊತ್ತುಮಾಡಿದ ಆ ಶಾಸ್ತ್ರಕಾರರ ಕೆಲಸಕ್ಕೂ, ರೂಪಾಯಿಗೂ ಕಿಲೋಗೂ ತೇವಾಂಶಕ್ಕೂ ಬೇರೆಬೇರೆ ಸಂಖ್ಯಾಜಾತಿಗಳನ್ನು ಘೋಷಿಸುವ ಭಾಷಾಕಾರರ ಕೆಲಸಕ್ಕೂ ಉದ್ದೇಶದಲ್ಲಿ ಭೇದವಿಲ್ಲ. ಇಬ್ಬರೂ ಬಡವನ ಬೆನ್ನ ಹಿಂದೆ ಅಂಕಿಯೊಂದು ತಡೆಯಿಲ್ಲದೆ ಬೆಳೆಯುವುದನ್ನು ತಡೆಯಹೊರಟವರು.

ಆದರೆ ಶಾಸ್ತ್ರದಲ್ಲಿ ಬರೆದಿಟ್ಟ ಮೇರೆ ತಾನಾಗಿ ಕೈ ಹಿಡಿದು ನಿಲ್ಲಿಸಲಾರದು. ಇದನ್ನು ನೆನೆಯುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುವವಳು ಆಯ್ದಕ್ಕಿ ಲಕ್ಕಮ್ಮ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳಲ್ಲಿ ಮಾರಯ್ಯನದು ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ತಂದನು. ಅದು ಕದ್ದುದಲ್ಲ, ಬೇಡಿದುದಲ್ಲ. ಅದೇ ಅಂಗಳ, ಅದೇ ಅಕ್ಕಿ, ಅದೇ ಬೆನ್ನು ಬಾಗಿದ ದುಡಿಮೆ. ಹೆಚ್ಚು ಬಿದ್ದಿತ್ತು, ಹೆಚ್ಚು ಆಯ್ದನು. ಲಕ್ಕಮ್ಮ ಸೇರನ್ನು ಹಿಡಿದು ಅಳೆದಳೆಂದು ನನಗೆ ತೋರುವುದಿಲ್ಲ. ದಿನವೂ ಅದೇ ಬಟ್ಟೆಯ ಗಂಟನ್ನು ಬಿಚ್ಚುವ ಕೈಗೆ ಅಂದಿನ ಗಂಟು ಭಾರವೆನಿಸಿರಬೇಕು. ಇದು ನಮಗೆ ಸಲ್ಲದು, ಮೀರಿದುದನ್ನು ಇದ್ದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಮೇರೆಯು ಅವರಿಬ್ಬರ ನಡುವೆ ಮೊದಲೇ ಇತ್ತು. ಆ ಕ್ಷಣಕ್ಕೆ ಮಾರಯ್ಯನಿಗೆ ಮರೆವು ಬಂತು, ಅವಳಿಗೆ ಬರಲಿಲ್ಲ. ಅವಳು ಅಕ್ಕಿಯನ್ನು ಚೆಲ್ಲಿಬಿಡಲಿಲ್ಲ, ಗಂಡನನ್ನು ತೊರೆಯಲಿಲ್ಲ, ಅಂದಿನ ಅಡುಗೆಯನ್ನು ನಿಲ್ಲಿಸಲೂ ಇಲ್ಲ. ಹೆಚ್ಚಿನದಕ್ಕೆ ಹೋಗಬೇಕಾದ ಎಡೆಯನ್ನು ತೋರಿಸಿ, ಸಲ್ಲುವಷ್ಟನ್ನು ಒಲೆಯ ಮೇಲಿಟ್ಟಳು. ಏರಿಯಾನ್ ರಾಕೆಟ್ಟಿನಲ್ಲಿ ಕೊರತೆಯಾದುದು ಇದೇ. ರಕ್ಷಣೆಯಿಲ್ಲದಿದ್ದರೂ, ಮೀರಿದ ಸಂಖ್ಯೆಯನ್ನು ಯಂತ್ರದ ಪರೀಕ್ಷೆಯು ಅಲ್ಲಿ ಹಿಡಿಯಿತು. ಹಿಡಿದುದನ್ನು ಎಲ್ಲಿ ಇಡಬೇಕೆಂದು ಮೊದಲೇ ಯೋಚಿಸಿದವರಿರಲಿಲ್ಲವಾಗಿ ಉಪಕರಣವೇ ತನ್ನನ್ನು ಮುಚ್ಚಿಕೊಂಡಿತು, ಅದರ ಜೊತೆಯ ಬದಲಿ ಉಪಕರಣವೂ ಅದೇ ಕಾರಣಕ್ಕೆ ಮುಚ್ಚಿಕೊಂಡಿತು.

ಹಾಗಾದರೆ ಸಂಯಮವು ಭಾಷೆಯಲ್ಲಿರಬೇಕೋ, ಬರೆಯುವವನಲ್ಲಿರಬೇಕೋ? ಎಚ್ಚರವುಳ್ಳವನಿಗೆ ಯಾವ ಭಾಷೆಯಾದರೇನು, ಒಂದೊಂದು ಸಾಲಿನಲ್ಲಿಯೂ ತಾನೇ ಪರೀಕ್ಷಿಸಿಕೊಳ್ಳಲಿ ಎನ್ನುವವರಿದ್ದಾರೆ. ಪರೀಕ್ಷೆಗಳಿಂದ ವೇಗ ಕುಂದುತ್ತದೆಂಬುದು ಅವರ ಇನ್ನೊಂದು ವಾದ. ಟೋನಿ ಹೋರ್ ಅವರು 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸುತ್ತ ಮಾಡಿದ ಉಪನ್ಯಾಸದಲ್ಲಿ, ತಾವು ಎಳೆಯ ವಯಸ್ಸಿನಲ್ಲಿ ರಚಿಸಿದ ಆಲ್ಗಾಲ್ ಕಂಪೈಲರಿನಲ್ಲಿ ಇಂಥ ಪರೀಕ್ಷೆಗಳಿದ್ದುವೆಂದೂ, ವೇಗಕ್ಕಾಗಿ ಅವನ್ನು ತೆಗೆದುಹಾಕುವ ಅನುಕೂಲ ಬೇಕೇ ಎಂದು ಗಿರಾಕಿಗಳನ್ನು ಕೇಳಿದಾಗ ಅವರೆಲ್ಲರೂ ಒಕ್ಕೊರಲಿನಿಂದ ಬೇಡವೆಂದರೆಂದೂ ನೆನೆದಿದ್ದಾರೆ. ತಮ್ಮ ತಪ್ಪುಗಳು ಎಷ್ಟು ಪದೇ ಪದೇ ಸಂಭವಿಸುತ್ತವೆಂಬುದನ್ನು ಆ ಗಿರಾಕಿಗಳು ಅನುಭವದಿಂದ ಕಂಡಿದ್ದರು. ನನ್ನ ಮಟ್ಟಿಗೆ ಹೇಳುವುದಾದರೆ, ಪ್ರಮಾಣವನ್ನು ಗೊತ್ತುಮಾಡುವುದು ಮನುಷ್ಯನ ಕೆಲಸ, ಅದನ್ನು ಯಾವ ಭಾಷೆಯೂ ಅವನಿಗಾಗಿ ಮಾಡಲಾರದು. ಆದರೆ ಗೊತ್ತುಮಾಡಿದುದನ್ನು ಉಚ್ಚರಿಸಲು ಶಬ್ದವನ್ನು ಕೊಡುವುದೂ, ಉಚ್ಚರಿಸಿದುದನ್ನು ಅವನು ಮರೆತ ಗಳಿಗೆಯಲ್ಲಿ ನೆನಪಿಸುವುದೂ ಭಾಷೆಯ ಧರ್ಮ. ಪರಿಗ್ರಹ-ಪರಿಮಾಣವೆಂಬ ಹೆಸರೇ ಇರದಿದ್ದರೆ ಎಷ್ಟು ಗೃಹಸ್ಥರಿಗೆ ತಮ್ಮ ಕಣಜಕ್ಕೊಂದು ಗೆರೆಯಿರಬಹುದೆಂಬ ಯೋಚನೆಯಾದರೂ ಹೊಳೆಯುತ್ತಿತ್ತು?

ಅಳಿಯನು ಮಿಲ್ಲಿನ ಪ್ರೋಗ್ರಾಮನ್ನು ಮತ್ತೆ ಬರೆದನು. ತಾನು ಬಳಸುವ ಭಾಷೆಯಲ್ಲಿ ಮೇರೆಯುಳ್ಳ ಸಂಖ್ಯೆಗಳಿಲ್ಲವಾದುದರಿಂದ ತೇವಾಂಶ, ತೂಕ, ದರ ಒಂದೊಂದಕ್ಕೂ ಕಾವಲಿನ ಗೂಡೊಂದನ್ನು ಕೈಯಾರೆ ಕಟ್ಟಿದನು. ಈಗ 120 ಒತ್ತಿದರೆ ಪರದೆಯು ಚೀಟಿಯನ್ನು ಕೊಡದೆ, ತೇವಾಂಶವನ್ನು ಮತ್ತೊಮ್ಮೆ ನೋಡಿ ಬರೆಯಿರಿ ಎಂದು ಕನ್ನಡದಲ್ಲಿ ಕೇಳುತ್ತದೆ. ಅದಾದ ಕೆಲವು ದಿನಗಳಿಗೆ, ಒಂದು ಮಠದ ದಾಸೋಹದ ಉಗ್ರಾಣಕ್ಕೆ ಲೆಕ್ಕದ ಪ್ರೋಗ್ರಾಂ ಬೇಕೆಂದು ಅವನನ್ನು ಕೇಳಿದರು. ಈ ಸಲ ಹಟ ಹಿಡಿದು ಏಡಾ ಭಾಷೆಯನ್ನೇ ಕಲಿತು ಬರೆಯತೊಡಗಿದನು. ಅಕ್ಕಿಯ ಚೀಲಗಳಿಗೆ, ಬೇಳೆಗೆ, ಎಣ್ಣೆಯ ಡಬ್ಬಗಳಿಗೆ ಉಗ್ರಾಣದ ಅಳತೆಯಂತೆ ಮೇರೆಗಳನ್ನು ಘೋಷಿಸಿದ ಮೇಲೆ ಒಂದೆಡೆ ಕೈ ತಡೆಯಿತು. ಸಂಜೆ ನಮ್ಮ ಮನೆಗೆ ಬಂದು, “ಮಾಮಾ, ದಿನಕ್ಕ ಉಣ್ಣಾಕ ಬರೋ ಮಂದಿಗಿ ಮ್ಯಾಲಿನ ಮೇರೆ ಎಷ್ಟಂತ ಹಾಕಲಿ?” ಎಂದು ಕೇಳಿದನು.

ಶರಣಬಸವೇಶ್ವರರು ಅರಳಗುಂಡಗಿಯ ತಮ್ಮ ಹೊಲದಲ್ಲಿ ಕಾಳು ತಿನ್ನಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರನ್ನೂ ಇಟ್ಟರೆಂಬ ಕಥೆಯನ್ನು ಕೇಳಿ ಬೆಳೆದ ಊರಿನವರು ನಾವಿಬ್ಬರೂ. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಬಳಿಕ ಅವನು ತಾನಾಗಿಯೇ ಯಂತ್ರವನ್ನು ತೆರೆದು ಆ ಸಾಲಿನಲ್ಲಿ ಕೆಳಗಿನ ಮೇರೆ 0 ಎಂದು ಮಾತ್ರ ಬರೆದನು. ಮೇಲಿನದನ್ನು ಯಂತ್ರದ ಸ್ವಭಾವಕ್ಕೇ ಬಿಟ್ಟನು. ಅವನ ಗಣಕದಲ್ಲಿ ಅದು 2147483647.